‘ಪಾಸಿಟಿವ್’ ಅಂದ್ರೆ ಒಳ್ಳೇದೋ, ಕೆಟ್ಟದ್ದೋ?

ಮಿನಿ ಪ್ರಾಜೆಕ್ಟ್ ಟೈಟಲ್ ಕೊಡೋ ವಾರ ಬಂದರೆ ನಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಒಂದು ವಿಷಯ ಗ್ಯಾರಂಟಿ. ಒಂದಲ್ಲ ಒಂದು ಟೀಮ್ ‘ಬ್ರೆಸ್ಟ್ ಕ್ಯಾನ್ಸರ್ ಡಿಟೆಕ್ಷನ್ ಯೂಸಿಂಗ್ ಮಷೀನ್ ಲರ್ನಿಂಗ್’ ಅಂತ ಕೊಟ್ಟೇ ಕೊಡುತ್ತೆ. ಯಾಕೆ ಅಂತ ಎಲ್ಲರಿಗೂ ಗೊತ್ತು. ಡೇಟಾ ಹುಡುಕೋ ತಲೆನೋವೇ ಇಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಕೊಟ್ಟ ಡೇಟಾಸೆಟ್ ಸೈಕಿಟ್-ಲರ್ನ್ ಒಳಗೇ ಕೂತಿದೆ. 569 ಸಾಲು, 30 ಕಾಲಮ್. ಒಂದು ಲೈನ್ ಇಂಪೋರ್ಟ್, ಹತ್ತಿಪ್ಪತ್ತು ಲೈನ್ ಕೋಡ್, 95ರ ಮೇಲೆ ಅಕ್ಯುರೆಸಿ, ಸ್ಪೈರಲ್ ಬೈಂಡಿಂಗ್, ವೈವಾ, ಮುಗೀತು.

ಆಡಿಕೊಳ್ಳೋಕೆ ಅಂತ ಇದನ್ನ ಬರೀತಿಲ್ಲ. ಕಲಿಯೋಕೆ ಅದು ಒಳ್ಳೆ ಡೇಟಾಸೆಟ್ಟೇ. ಆದರೆ ಆ 569 ಸಾಲಿನಲ್ಲಿ ಒಂದೊಂದೂ ಯಾರದೋ ಎದೆಯ ಗಂಟಿಗೆ ಸೂಜಿ ಹಾಕಿ ತೆಗೆದ ಜೀವಕೋಶಗಳ ಅಳತೆ. ನಮಗೆ ಅದು ಸಾಲು ಅಷ್ಟೇ. ನನ್ನ ತಕರಾರು ಏನಪ್ಪಾ ಅಂದ್ರೆ, ಇಂಜಿನಿಯರಿಂಗ್ ಹುಡುಗ ಹುಡುಗಿಯರು ಈ ಕಾಯಿಲೆಗೆ ಏನಾದರೂ ಮಾಡಬೇಕು ಅಂತ ಹೊರಟಾಗ ಎಲ್ಲರೂ ಹೋಗಿ ನಿಲ್ಲೋದು ‘ಪತ್ತೆ ಹಚ್ಚೋ’ ಜಾಗದಲ್ಲಿ. ಗಂಟಿಗೆ ಸೂಜಿ ಹಾಕಿ ಆದ ಮೇಲೆ ಅದು ಕ್ಯಾನ್ಸರ್ರಾ ಅಲ್ವಾ ಅಂತ ಹೇಳೋಕೆ ಪೆಥಾಲಜಿಸ್ಟ್ ಇದ್ದಾರೆ, ಅವರಿಗೆ ನಮ್ಮ ಹತ್ತು ಲೈನ್ ಕೋಡ್ ಬೇಕಾಗಿಲ್ಲ. ನಮ್ಮ ಕಡೆಯ ಹೆಂಗಸರು ಸಿಕ್ಕಿಹಾಕಿಕೊಳ್ಳೋ ಜಾಗ ಇನ್ನೊಂದಿದೆ. ಅದು ರಿಪೋರ್ಟ್ ಕೈಗೆ ಬಂದ ಮೇಲೆ ಶುರುವಾಗುತ್ತೆ. ಅಲ್ಲಿ ಬೇಕಾಗಿರೋದು ಅಲ್ಗಾರಿದಮ್ ಅಲ್ಲ, ಕನ್ನಡ.

2022ರ ಗ್ಲೋಬೋಕ್ಯಾನ್ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ, ಸುಮಾರು 98 ಸಾವಿರ ಜನ ಸತ್ತಿದ್ದಾರೆ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳೋ ಕ್ಯಾನ್ಸರ್ ಇದೇ. ಅಂದರೆ ಇದನ್ನ ಓದ್ತಿರೋ ನಿಮ್ಮ ಕ್ಲಾಸಿನಲ್ಲೇ ಯಾರದೋ ಅಮ್ಮ, ಅತ್ತೆ, ಚಿಕ್ಕಮ್ಮನಿಗೆ ಆಗಿರೋ ಸಾಧ್ಯತೆ ಚೆನ್ನಾಗೇ ಇದೆ. ಹೇಳಿಕೊಂಡಿರಲ್ಲ ಅಷ್ಟೇ. ‘ಸ್ತನ’ ಅನ್ನೋ ಪದವನ್ನೇ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ‘ಎದೆಯಲ್ಲಿ ಗಂಟು’ ಅಂತಾರೆ, ಅದನ್ನೂ ದನಿ ತಗ್ಗಿಸಿ.

ನಮ್ಮ ಮನೆಯಲ್ಲಿ ದೊಡ್ಡಮ್ಮನಿಗೆ ಆಯ್ತು. ಅವರು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರು. ಊರಿನ ಸ್ವಸಹಾಯ ಸಂಘದ ಲೆಕ್ಕ ಬರೆಯೋದು ಅವರೇ, ಬಡ್ಡಿ ಲೆಕ್ಕದಲ್ಲಿ ನನ್ನನ್ನ ಸೋಲಿಸ್ತಾರೆ. ಬಯಾಪ್ಸಿ ರಿಪೋರ್ಟ್ ಬಂದ ದಿನ ಅಣ್ಣ ಅದರ ಫೋಟೋ ವಾಟ್ಸಾಪಿನಲ್ಲಿ ನನಗೆ ಕಳಿಸಿದ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಮನೆಗೆ ಒಬ್ಬರಿದ್ದರೆ ಬ್ಯಾಂಕ್ ಪತ್ರ, ಇನ್ಶೂರೆನ್ಸ್ ಪತ್ರ, ಲ್ಯಾಬ್ ರಿಪೋರ್ಟ್ ಎಲ್ಲಾ ಅವರ ತಲೆಗೇ ತಾನೆ. ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್ ಅಂತಿತ್ತು. ಫೋನಿನಲ್ಲಿ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಪುಟ್ಟಾ, ಪಾಸಿಟಿವ್ ಅಂದ್ರೆ ಒಳ್ಳೇದೋ, ಕೆಟ್ಟದ್ದೋ? ಕೊರೊನಾದಲ್ಲಿ ಪಾಸಿಟಿವ್ ಅಂದ್ರೆ ಕೆಟ್ಟದ್ದಾಗಿತ್ತಲ್ಲ?”

ಇದು ದಡ್ಡ ಪ್ರಶ್ನೆ ಅಲ್ಲ. ಇಡೀ ಚಿಕಿತ್ಸೆ ನಿಂತಿರೋದೇ ಈ ಪ್ರಶ್ನೆಯ ಮೇಲೆ. ನಾನು ಅರ್ಧ ದಿನ ಓದಿ, ಕೊನೆಗೆ ಬೀಗ-ಬೀಗದಕೈ ಲೆಕ್ಕದಲ್ಲಿ ಹೇಳಿದೆ. ಇಆರ್, ಪಿಆರ್ ಅಂದರೆ ಗಡ್ಡೆಯ ಜೀವಕೋಶದ ಒಳಗಿರೋ ಒಂದು ಥರದ ಬೀಗ. ಮೈಯಲ್ಲಿರೋ ಈಸ್ಟ್ರೋಜನ್ ಅನ್ನೋ ಹಾರ್ಮೋನು ಬೀಗದಕೈ. ಕೈ ಬೀಗಕ್ಕೆ ಬಿದ್ದಾಗಲೆಲ್ಲ ಗಡ್ಡೆಗೆ ‘ಬೆಳಿ’ ಅಂತ ಸಂದೇಶ ಹೋಗುತ್ತೆ. ಪಾಸಿಟಿವ್ ಅಂದರೆ ಬೀಗ ಇದೆ ಅಂತ. ಬೀಗ ಇದೆ ಅಂದರೆ ಅದನ್ನ ಕೆಡಿಸೋ ದಾರಿಯೂ ಇದೆ. ಟ್ಯಾಮಾಕ್ಸಿಫೆನ್ ಮಾತ್ರೆ ಬೀಗದ ತೂತಿಗೆ ಅಡ್ಡ ಕೂರುತ್ತೆ. ಮುಟ್ಟು ನಿಂತ ಹೆಂಗಸರಿಗೆ ಕೊಡೋ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಥರದ ಮಾತ್ರೆಗಳು ಬೀಗದಕೈ ತಯಾರಾಗೋದನ್ನೇ ಕಡಿಮೆ ಮಾಡುತ್ತವೆ. ಐದು ವರ್ಷ, ಕೆಲವರಿಗೆ ಹತ್ತು ವರ್ಷದವರೆಗೂ, ದಿನಾ ಒಂದು ಮಾತ್ರೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಬೀಗಕ್ಕೆ ಮೇಣ ತುಂಬೋದು ಅನ್ನು” ಅಂದರು. ನಮ್ಮ ಯಾವ ಲೆಕ್ಚರರ್ರೂ ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ.

ಮಿಕ್ಕ ಚಿಕಿತ್ಸೆಗಳ ಬಗ್ಗೆ ಬೇಗ ಹೇಳಿಬಿಡ್ತೀನಿ. ಆಪರೇಷನ್‌ನಲ್ಲಿ ಪೂರ್ತಿ ಸ್ತನ ತೆಗೆಯೋದು ಒಂದು, ಗಂಟು ಮತ್ತು ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆಯೋದು ಇನ್ನೊಂದು. ಕೀಮೋ ಇಡೀ ಮೈಗೆ ಹೋಗೋ ಔಷಧಿ, ಆಪರೇಷನ್‌ಗೆ ಮೊದಲೂ ಕೊಡಬಹುದು, ಆಮೇಲೂ ಕೊಡಬಹುದು. ರೇಡಿಯೇಷನ್ ಒಂದು ಜಾಗಕ್ಕೆ ಮಾತ್ರ. ಹರ್-2 ಪಾಸಿಟಿವ್ ಆದವರಿಗೆ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧಿ ಇದೆ. ಮೂರೂ ನೆಗೆಟಿವ್ ಆದರೆ ‘ಟ್ರಿಪಲ್ ನೆಗೆಟಿವ್’. ಅಲ್ಲಿ ಈ ಬೀಗಗಳು ಯಾವುವೂ ಇಲ್ಲದ್ದರಿಂದ ಕೀಮೋನೇ ಮುಖ್ಯ ಆಧಾರ, ಇತ್ತೀಚೆಗೆ ಕೆಲವರಿಗೆ ಇಮ್ಯುನೋಥೆರಪಿಯೂ ಸೇರಿದೆ. ನೋಡಿ, ಇಲ್ಲಿ ‘ನೆಗೆಟಿವ್’ ಅನ್ನೋದು ಖುಷಿಪಡೋ ಸುದ್ದಿ ಅಲ್ಲ. ಯಾರಿಗೆ ಯಾವುದು, ಯಾವ ಕ್ರಮದಲ್ಲಿ ಅನ್ನೋದನ್ನ ಡಾಕ್ಟರೇ ಹೇಳಬೇಕು, ನಾನಂತೂ ಅಲ್ಲ. ನಾನು ಹೇಳ್ತಿರೋದು, ಡಾಕ್ಟರ್ ಹೇಳಿದ್ದು ಅರ್ಥ ಆಗೋಕೆ ಬೇಕಾದಷ್ಟು ಕನ್ನಡ ಎಲ್ಲಾದರೂ ಒಂದು ಕಡೆ ಸಿಗಬೇಕು ಅಂತ.

ಈ ಔಷಧಿಗಳು ಎಲ್ಲಿಂದ ಬಂದವು? ಟ್ರಯಲ್‌ಗಳಿಂದ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ‘ಕ್ಲಿನಿಕಲ್ ಟ್ರಯಲ್’ ಅಂದ ತಕ್ಷಣ ನಮ್ಮ ಜನರ ಕಣ್ಣ ಮುಂದೆ ಬರೋದು ಪ್ರಯೋಗಾಲಯದ ಇಲಿ.

ಒಂದು ಕಾಲಕ್ಕೆ ಸ್ತನ ಕ್ಯಾನ್ಸರ್ ಅಂದರೆ ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಕೆತ್ತಿ ತೆಗೀತಿದ್ದರು. ಹಾಲ್‌ಸ್ಟೆಡ್ ಅನ್ನೋ ಅಮೆರಿಕನ್ ಸರ್ಜನ್ 19ನೇ ಶತಮಾನದ ಕೊನೆಯಲ್ಲಿ ಜನಪ್ರಿಯ ಮಾಡಿದ ಆಪರೇಷನ್ ಅದು, ದಶಕಗಟ್ಟಲೆ ನಡೀತು. ಹೆಚ್ಚು ತೆಗೆದರೆ ಹೆಚ್ಚು ಕ್ಷೇಮ ಅನ್ನೋ ನಂಬಿಕೆ. 1976ರಲ್ಲಿ ಬರ್ನಾರ್ಡ್ ಫಿಶರ್ ಅನ್ನೋ ಇನ್ನೊಬ್ಬ ಸರ್ಜನ್ ಅದನ್ನ ಪರೀಕ್ಷೆಗೆ ಇಟ್ಟರು. ಪೂರ್ತಿ ಸ್ತನ ತೆಗೆಯೋದು, ಗಂಟು ಮಾತ್ರ ತೆಗೆಯೋದು, ಗಂಟು ತೆಗೆದು ರೇಡಿಯೇಷನ್ ಕೊಡೋದು ಅಂತ ಮೂರು ಗುಂಪು. ಯಾರು ಯಾವ ಗುಂಪು ಅನ್ನೋದು ಚೀಟಿ ಎತ್ತಿದ ಹಾಗೆ. 1,851 ಹೆಂಗಸರ ಇಪ್ಪತ್ತು ವರ್ಷದ ಲೆಕ್ಕ 2002ರಲ್ಲಿ ಬಂತು. ಬದುಕುಳಿಯೋ ವಿಷಯದಲ್ಲಿ ಮೂರು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಗಂಟು ಮಾತ್ರ ತೆಗೆದವರಲ್ಲಿ ಅದೇ ಸ್ತನದಲ್ಲಿ ಕಾಯಿಲೆ ಮರಳಿದ್ದು ನೂರಕ್ಕೆ 39 ಜನರಿಗೆ, ರೇಡಿಯೇಷನ್ ಸೇರಿಸಿದವರಲ್ಲಿ ಬರೀ 14 ಜನರಿಗೆ. ಸ್ತನ ಇರುತ್ತೋ ಹೋಗುತ್ತೋ ಅನ್ನೋದನ್ನ ಚೀಟಿಗೆ ಬಿಡೋಕೆ ಒಪ್ಪಿದ ಹೆಂಗಸರ ಧೈರ್ಯ ಯೋಚಿಸಿ ನೋಡಿ. ಇವತ್ತು ಯಾವುದೇ ಊರಿನಲ್ಲಿ ಒಬ್ಬ ಡಾಕ್ಟರ್ “ಪೂರ್ತಿ ತೆಗೆಯೋದು ಬೇಡ, ಗಂಟು ತೆಗೆದು ರೇಡಿಯೇಷನ್ ಕೊಡೋಣ” ಅಂತ ಧೈರ್ಯವಾಗಿ ಹೇಳ್ತಾರೆ ಅಂದರೆ ಅದರ ಹಿಂದೆ ಇಂಥ ಹೆಂಗಸರಿದ್ದಾರೆ.

ಹೊರದೇಶದ ಕಥೆ ಆಯ್ತು ಅಂದ್ರಾ? ಮುಂಬೈನ ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡ್ವೆ ಮತ್ತು ಅವರ ತಂಡ ದೇಶದ 11 ಆಸ್ಪತ್ರೆಗಳಲ್ಲಿ ಸುಮಾರು 1,600 ಹೆಂಗಸರ ಮೇಲೆ ಒಂದು ಟ್ರಯಲ್ ಮಾಡಿದರು. ಹೊಸ ಔಷಧಿಯೇನಲ್ಲ, ಹಲ್ಲು ಕೀಳುವಾಗ ಮರಗಟ್ಟಿಸೋಕೆ ಕೊಡ್ತಾರಲ್ಲ, ಆ ಲಿಡೊಕೇನ್. ಆಪರೇಷನ್‌ಗೆ ಏಳೆಂಟು ಹತ್ತು ನಿಮಿಷ ಮೊದಲು ಗಡ್ಡೆಯ ಸುತ್ತ ಅದನ್ನ ಚುಚ್ಚೋದು, ಅಷ್ಟೇ. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಐದು ವರ್ಷದ ನಂತರ ಬದುಕಿದ್ದವರು ಇಂಜೆಕ್ಷನ್ ಪಡೆದವರಲ್ಲಿ ಶೇ. 90.1, ಪಡೆಯದವರಲ್ಲಿ ಶೇ. 86.4. ಇಂಥ ಅಗ್ಗದ ಔಷಧಿಯಿಂದ ಯಾವ ಕಂಪನಿಗೂ ಲಾಭ ಇಲ್ಲ. ಸರ್ಕಾರದ ಅಣುಶಕ್ತಿ ಇಲಾಖೆ ದುಡ್ಡು ಕೊಟ್ಟಿತ್ತು. ಇನ್ನು ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಟ್ರಾಸ್ಟುಜುಮ್ಯಾಬ್‌ನ ತನ್ನದೇ ಆವೃತ್ತಿಯನ್ನ ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂತು. ಅದು ಮೂಲ ಔಷಧಿಗೆ ಸಮ ಅಂತ ತೋರಿಸೋಕೂ ಟ್ರಯಲ್ಲೇ ಬೇಕಾಯ್ತು.

ಹಾಗಂತ ಟ್ರಯಲ್ ಅಂದರೆ ಪುಣ್ಯಕ್ಷೇತ್ರ ಅಂತ ನಾನು ಹೇಳಲ್ಲ. ಹೊಸದು ಹಳೇದಕ್ಕಿಂತ ಒಳ್ಳೇದು ಅಂತ ಮೊದಲೇ ಗೊತ್ತಿದ್ದರೆ ಟ್ರಯಲ್ಲೇ ಬೇಕಿರಲಿಲ್ಲ. ಹೊಸ ಔಷಧಿ ಕೆಲಸ ಮಾಡದೇ ಇರಬಹುದು, ಹೊಸ ತೊಂದರೆ ತರಬಹುದು. ನಮ್ಮ ಜನರ ಅನುಮಾನಕ್ಕೆ ಕಾರಣವೂ ಇದೆ. ಬಡವರಿಗೆ ಸರಿಯಾಗಿ ಹೇಳದೆ ಸಹಿ ಹಾಕಿಸಿಕೊಳ್ತಾರೆ ಅನ್ನೋ ದೂರುಗಳು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2013ರಲ್ಲಿ ಒಪ್ಪಿಗೆ ಪಡೆಯೋದನ್ನ ವಿಡಿಯೋ ಮಾಡಿ ಅಂತ ಕೋರ್ಟೇ ಹೇಳಬೇಕಾಯ್ತು. ಈಗ ಹೊಸ ಔಷಧಿಗಳ ಟ್ರಯಲ್‌ಗೆ 2019ರ ನಿಯಮಗಳಿವೆ. ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅದರಲ್ಲಿ ಅರ್ಧ ಜನ ಆ ಸಂಸ್ಥೆಯ ಹೊರಗಿನವರಾಗಿರಬೇಕು, ಒಬ್ಬರು ನಮ್ಮ ನಿಮ್ಮ ಥರದ ಸಾಮಾನ್ಯ ಜನ ಆಗಿರಬೇಕು. ಟ್ರಯಲ್‌ನಿಂದಲೇ ತೊಂದರೆ ಆದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಸೇರಿದವರು ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಗೆ ಬರಬಹುದು. ಇನ್ನೊಂದು ಭಯ, ‘ಚೀಟಿಯಲ್ಲಿ ನಮಗೆ ಬರೀ ಸಕ್ಕರೆ ಮಾತ್ರೆ ಬಂದರೆ?’ ಅನ್ನೋದು. ಒಳ್ಳೆ ಚಿಕಿತ್ಸೆ ಈಗಾಗಲೇ ಇರೋ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಹಾಗೆ ಮಾಡಲ್ಲ. ಒಂದು ಗುಂಪಿಗೆ ಈಗ ಎಲ್ಲರಿಗೂ ಕೊಡೋ ಚಿಕಿತ್ಸೆ, ಇನ್ನೊಂದಕ್ಕೆ ಹೊಸದು, ಅಥವಾ ಹಳೇದರ ಜೊತೆ ಹೊಸದು.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಭಾರತದಲ್ಲಿ ನಡೆಯೋ ಟ್ರಯಲ್‌ಗಳಿಗೆ ಒಂದು ಸರ್ಕಾರಿ ದಾಖಲೆ ಇದೆ, ಸಿಟಿಆರ್‌ಐ ಅಂತ. 2007ರ ಜುಲೈನಲ್ಲಿ ಶುರುವಾಯ್ತು, ಐಸಿಎಂಆರ್ ನಡೆಸುತ್ತೆ, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಯಾರು ಬೇಕಾದರೂ ತೆಗೆದು ನೋಡಬಹುದು, ದುಡ್ಡಿಲ್ಲ, ಲಾಗಿನ್ ಇಲ್ಲ. ಯಾವ ಆಸ್ಪತ್ರೆ, ಯಾವ ಡಾಕ್ಟರ್, ಫೋನ್ ನಂಬರ್, ಯಾರು ಸೇರಬಹುದು, ಯಾರು ಸೇರಬಾರದು, ಈಗ ಜನರನ್ನ ಸೇರಿಸಿಕೊಳ್ತಿದ್ದಾರಾ ಇಲ್ವಾ ಎಲ್ಲಾ ಅಲ್ಲಿರಬೇಕು. ಅಂದರೆ ಮಾಹಿತಿ ಮುಚ್ಚಿಟ್ಟಿಲ್ಲ. ನಿಜವಾಗಲೂ ಒಳ್ಳೆ ಕೆಲಸ.

ಆದರೆ ‘ಬ್ರೆಸ್ಟ್ ಕ್ಯಾನ್ಸರ್’ ಅಂತ ಹಾಕಿ ಹುಡುಕಿ ನೋಡಿ. ಹೊಸ ಔಷಧಿಯ ಟ್ರಯಲ್‌ಗಳ ಮಧ್ಯೆ ಆಪರೇಷನ್ ನಂತರದ ನೋವಿಗೆ ಯಾವ ನರದ ಇಂಜೆಕ್ಷನ್ ವಾಸಿ ಅನ್ನೋ ಎಂಡಿ ವಿದ್ಯಾರ್ಥಿಗಳ ಥೀಸಿಸ್, ಫಿಸಿಯೋಥೆರಪಿ, ಯೋಗ, ಆಯುರ್ವೇದ ಎಲ್ಲಾ ಕಲಸಿಕೊಂಡು ಬರುತ್ತೆ. ಮುಗಿದುಹೋದದ್ದೂ ಬರುತ್ತೆ. ‘ಓಪನ್ ಟು ರಿಕ್ರೂಟ್‌ಮೆಂಟ್’ ಅಂತ ಇರೋದನ್ನ ಮಾತ್ರ ಆರಿಸಿಕೊಳ್ಳಬೇಕು ಅನ್ನೋದು ಗೊತ್ತಿರಬೇಕು. ಒಳಗೆ ಹೋದರೆ ‘ಎಕಾಗ್ ಪರ್ಫಾರ್ಮೆನ್ಸ್ ಸ್ಟೇಟಸ್ 0-1’, ‘ನಿಯೋಅಡ್ಜುವೆಂಟ್’, ‘ನೋ ಪ್ರಯರ್ ಸಿಸ್ಟಮಿಕ್ ಥೆರಪಿ’. ಎಲ್ಲಾ ಇಂಗ್ಲಿಷ್, ಅದೂ ಡಾಕ್ಟರ್ ಇಂಗ್ಲಿಷ್. ಹದಿಮೂರು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೇ ಪಕ್ಕದಲ್ಲಿ ಇನ್ನೊಂದು ಟ್ಯಾಬ್ ಬೇಕಾಯ್ತು. ದೊಡ್ಡಮ್ಮ?

ತಮಾಷೆ ಅಂದರೆ, ಈ ಪದಗಳ ಹಿಂದಿರೋ ವಿಷಯ ಕಷ್ಟದ್ದೇ ಅಲ್ಲ. ಎಕಾಗ್ 0-1 ಅಂದರೆ ‘ಎದ್ದು ಓಡಾಡಿಕೊಂಡು, ಮನೆಯ ಹಗುರ ಕೆಲಸ ಮಾಡಿಕೊಳ್ಳೋಷ್ಟು ಶಕ್ತಿ ಇರಬೇಕು’. ನಿಯೋಅಡ್ಜುವೆಂಟ್ ಅಂದರೆ ‘ಆಪರೇಷನ್‌ಗೆ ಮುಂಚೆ’. ಮೂರನೇದು ತುಂಬಾ ಮುಖ್ಯ: ‘ಇದಕ್ಕೆ ಮೊದಲು ಕೀಮೋ, ಹಾರ್ಮೋನು ಮಾತ್ರೆ ಯಾವುದೂ ತಗೊಂಡಿರಬಾರದು’. ನಮ್ಮಲ್ಲಿ ಎಲ್ಲರೂ ಟ್ರಯಲ್ ಅಂದರೆ ಎಲ್ಲಾ ಮುಗಿದ ಮೇಲೆ ನೋಡೋ ಕೊನೇ ಬಾಗಿಲು ಅಂದುಕೊಂಡಿದ್ದಾರೆ. ಎಷ್ಟೋ ಟ್ರಯಲ್‌ಗಳ ಬಾಗಿಲು ಮೊದಲ ಡ್ರಿಪ್ ಏರಿದ ದಿನವೇ ಮುಚ್ಚಿಹೋಗುತ್ತೆ. ಕೇಳೋದಿದ್ದರೆ ಚಿಕಿತ್ಸೆ ಶುರುವಾಗೋ ಮುಂಚೆಯೇ ಕೇಳಬೇಕು. ಹಾಗಂತ ಟ್ರಯಲ್ ಹುಡುಕ್ತಾ ಚಿಕಿತ್ಸೆ ಮುಂದಕ್ಕೆ ಹಾಕಬಾರದು. ಎರಡೂ ಒಟ್ಟೊಟ್ಟಿಗೆ ನಡೀಬೇಕು.

ನಿಯಮದ ಪ್ರಕಾರ ಒಪ್ಪಿಗೆ ಪತ್ರ ರೋಗಿಗೆ ಅರ್ಥ ಆಗೋ ಭಾಷೆಯಲ್ಲಿ ಇರಬೇಕು. ಅಂದರೆ ಕನ್ನಡದ ರೋಗಿಗೆ ಕನ್ನಡ ಪತ್ರ ಸಿಗುತ್ತೆ. ಯಾವಾಗ? ಡಾಕ್ಟರು ಟ್ರಯಲ್ ಬಗ್ಗೆ ಹೇಳಿ, ಎಲ್ಲಾ ತೀರ್ಮಾನ ಆಗಿ, ಸಹಿ ಹಾಕೋ ಹೊತ್ತಿಗೆ. ಹುಡುಕೋ ಹೊತ್ತಿಗೆ ಇಂಗ್ಲಿಷ್, ಸಹಿ ಹಾಕೋ ಹೊತ್ತಿಗೆ ಕನ್ನಡ. ಇದನ್ನ ಆಯ್ಕೆ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ಹೋಟೆಲಿನಲ್ಲಿ ಮೆನು ಅರ್ಥವಾಗದ ಭಾಷೆಯಲ್ಲಿಟ್ಟು, ಬಿಲ್ ಮಾತ್ರ ಕನ್ನಡದಲ್ಲಿ ಕೊಟ್ಟ ಹಾಗೆ.

“ಇದೆಲ್ಲಾ ಡಾಕ್ಟರ್ ಕೆಲಸ, ನಮಗ್ಯಾಕೆ?” ಅಂತ ರೂಮ್‌ಮೇಟ್ ಕೇಳಿದಳು. ಸರಿಯಾದ ಪ್ರಶ್ನೆ. ಆದರೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯ ಓಪಿಡಿ ಒಮ್ಮೆ ನೋಡಿದವರಿಗೆ ಗೊತ್ತು, ಒಬ್ಬ ರೋಗಿಗೆ ಎಷ್ಟು ನಿಮಿಷ ಸಿಗುತ್ತೆ ಅಂತ. ಬೀಗ-ಬೀಗದಕೈ ಕಥೆ ಹೇಳೋಕೆ ಅವರಿಗೆ ಪುರುಸೊತ್ತಿಲ್ಲ, ತಪ್ಪು ಅವರದ್ದಲ್ಲ. ಆ ಖಾಲಿ ಜಾಗ ಮಾತ್ರ ಖಾಲಿ ಉಳಿಯಲ್ಲ. ಕ್ಯಾನ್ಸರ್ ಹದಿನೈದು ದಿನದಲ್ಲಿ ವಾಸಿ ಅನ್ನೋ ಕಷಾಯದ ವಿಡಿಯೋಗಳು ಎಂಥ ಅಚ್ಚ ಕನ್ನಡದಲ್ಲಿ ಇರ್ತವೆ ಗಮನಿಸಿದ್ದೀರಾ? ಒಂದು ಇಂಗ್ಲಿಷ್ ಪದ ಇರಲ್ಲ, ‘ಅಕ್ಕಾ’, ‘ತಾಯಿ’ ಅಂತ ಪ್ರೀತಿಯಿಂದ ಮಾತಾಡಿಸ್ತಾರೆ. ಸುಳ್ಳಿಗೆ ಕನ್ನಡ ಚೆನ್ನಾಗಿ ಬರುತ್ತೆ, ನಿಜಕ್ಕೆ ಬರಲ್ಲ ಅಂದರೆ ಹೆಂಗೆ?

ಹಾಗಾಗಿ ನಮ್ಮ ಕನ್ನಡ ಸಂಘ ಮತ್ತು ಮಿನಿ ಪ್ರಾಜೆಕ್ಟ್ ಮಾಡೋರ ಮುಂದೆ ಒಂದು ಪ್ರಸ್ತಾಪ. ಕರ್ನಾಟಕದ ಆಸ್ಪತ್ರೆಗಳಲ್ಲಿ ಸ್ತನ ಕ್ಯಾನ್ಸರ್‌ಗೆ ಈಗ ತೆರೆದಿರೋ ಟ್ರಯಲ್‌ಗಳನ್ನ ಮಾತ್ರ ತಗೊಂಡು, ಒಂದೊಂದಕ್ಕೂ ಒಂದು ಪುಟ ಕನ್ನಡ. ಏನನ್ನ ಪರೀಕ್ಷೆ ಮಾಡ್ತಿದ್ದಾರೆ, ಯಾರು ಸೇರಬಹುದು, ಚೀಟಿ ಯಾವುದರ ಮತ್ತು ಯಾವುದರ ನಡುವೆ, ಯಾವ ಆಸ್ಪತ್ರೆ, ಯಾರಿಗೆ ಫೋನ್ ಮಾಡಬೇಕು, ಈ ಪುಟ ಕೊನೆಗೆ ಪರಿಶೀಲಿಸಿದ್ದು ಯಾವತ್ತು. ಅಷ್ಟೇ. ಬೀದರಿನಿಂದ ಬೆಂಗಳೂರಿಗೆ ಮೂರು ವಾರಕ್ಕೊಮ್ಮೆ ಬರೋ ಕಷ್ಟ ಇದರಿಂದ ಕಡಿಮೆ ಆಗಲ್ಲ, ಅದು ಗೊತ್ತು. ಆದರೆ ಬರಬೇಕೋ ಬೇಡವೋ ಅಂತ ಕೂತು ಯೋಚಿಸೋಕಾದರೂ ಆಗುತ್ತೆ.

‘ರಿಪೋರ್ಟ್ ಅಪ್‌ಲೋಡ್ ಮಾಡಿ, ಎಐ ನಿಮಗೆ ಟ್ರಯಲ್ ಹುಡುಕಿಕೊಡುತ್ತೆ’ ಅನ್ನೋ ಆಪ್ ಮಾತ್ರ ಬೇಡ. ಪ್ಲೇಸ್‌ಮೆಂಟ್‌ನಲ್ಲಿ ಹೇಳಿಕೊಳ್ಳೋಕೆ ಚೆನ್ನಾಗಿರುತ್ತೆ, ಒಪ್ತೀನಿ. ಆದರೆ ಯಾರು ಸೇರಬಾರದು ಅನ್ನೋ ಪಟ್ಟಿ ಪೂರ್ತಿ ‘ಇರಬಾರದು’, ‘ಇಲ್ಲದಿದ್ದರೆ’, ‘ಹೊರತುಪಡಿಸಿ’ಗಳಿಂದ ತುಂಬಿರುತ್ತೆ. ಅನುವಾದದಲ್ಲಿ ಒಂದು ‘ಅಲ್ಲ’ ಬಿದ್ದುಹೋದರೆ ಅರ್ಥ ಪೂರ್ತಿ ಉಲ್ಟಾ. ಹ್ಯಾಕಥಾನ್‌ನಲ್ಲಿ ಅದು ಬಗ್, ಇಲ್ಲಿ ಒಬ್ಬ ಹೆಂಗಸು ಬಸ್ ಹತ್ತಿ ಬಂದು ವಾಪಸ್ ಹೋಗೋದು. ಯಾರ ರಿಪೋರ್ಟೂ ನಮಗೆ ಬೇಡ, ಅದನ್ನ ಇಟ್ಟುಕೊಳ್ಳೋ ಹಕ್ಕೂ ನಮಗಿಲ್ಲ. ಮನುಷ್ಯರು ಅನುವಾದ ಮಾಡಬೇಕು, ಕನ್ನಡ ಬಲ್ಲ ಮೆಡಿಕಲ್ ವಿದ್ಯಾರ್ಥಿ ಒಬ್ಬರು, ಆಮೇಲೆ ಡಾಕ್ಟರ್ ಒಬ್ಬರು ನೋಡಬೇಕು. ಮೊದಲ ಸಲಕ್ಕೆ ಐದು ಪುಟ ಆದರೂ ಸಾಕು.

ಅದಕ್ಕೂ ಮೊದಲು ಪದಗಳ ಪಟ್ಟಿ ಬೇಕು, ನಾನು ಶುರು ಮಾಡಿದ್ದೀನಿ. ಪದಕೋಶ ನೋಡಿ ‘ಯಾದೃಚ್ಛೀಕರಣ’ ಅಂತ ಬರೆದರೆ ಇಂಗ್ಲಿಷೇ ವಾಸಿ ಅನಿಸುತ್ತೆ. ಹಾಗಾಗಿ ರ‍್ಯಾಂಡಮೈಸೇಷನ್‌ಗೆ ‘ಚೀಟಿ ಎತ್ತೋದು’, ಕಂಟ್ರೋಲ್ ಗುಂಪಿಗೆ ‘ಹೋಲಿಕೆ ಗುಂಪು’, ಡಬಲ್ ಬ್ಲೈಂಡ್‌ಗೆ ‘ಇಬ್ಬರಿಗೂ ಗೊತ್ತಿರದ’ ಅಂತ ಇಟ್ಟಿದ್ದೀನಿ. ಟ್ಯಾಮಾಕ್ಸಿಫೆನ್ ಕೆಲಸಕ್ಕೆ ದೊಡ್ಡಮ್ಮನ ‘ಬೀಗಕ್ಕೆ ಮೇಣ’ ಪಕ್ಕಾ. ‘ಟ್ರಯಲ್’ಗೆ ಮಾತ್ರ ಇನ್ನೂ ಏನೂ ಸಿಕ್ಕಿಲ್ಲ. ‘ಪ್ರಯೋಗ’ ಅಂದರೆ ಇಲಿ ನೆನಪಾಗುತ್ತೆ, ‘ಪರೀಕ್ಷೆ’ ಅಂದರೆ ಇಂಟರ್ನಲ್ಸ್. ನಿಮ್ಮ ಊರ ಕಡೆ ಇದಕ್ಕೆ ಒಗ್ಗೋ ಮಾತು ಏನಾದರೂ ಇದ್ದರೆ ಸಂಘದ ರೂಮಿನ ಬೋರ್ಡ್ ಮೇಲೆ ಬರೆದು ಹೋಗಿ.